ಖಳ ಕೊನೇ ಪುಟದಲ್ಲಿ ಬಂದ್ರೆ...

ಮೊದಲೇ ಹೇಳಿಬಿಡ್ತೀನಿ, ‘ನರುಟೊ’ ಇನ್ನೂ ಓದ್ತಾ ಇರೋರು ಇಲ್ಲಿಗೇ ನಿಲ್ಲಿಸಿ. ಗುಟ್ಟೆಲ್ಲಾ ಬಯಲಾಗುತ್ತೆ :-)

ರಜೆಗೆ ಹೊಸಪೇಟೆಗೆ ಹೋದಾಗ ಆ ಮಾಂಗಾದ ಮಹಾಯುದ್ಧದ ಭಾಗವನ್ನ ಮತ್ತೆ ಓದಿದೆ. ಹಳೇ ಸಿಟ್ಟೇ ಮತ್ತೆ ಬಂತು. ಮದಾರಾನನ್ನ ಕಿಶಿಮೊಟೊ ವರ್ಷಗಟ್ಟಲೆ ಬೆಳೆಸಿದ್ರು. 2014ರಲ್ಲಿ, ಕತೆ ಮುಗಿಯೋಕೆ ಕೆಲವೇ ತಿಂಗಳಿರುವಾಗ, ತನ್ನವನೇ ಅಂತ ನಂಬಿದ್ದ ಕಪ್ಪು ಜೆಟ್ಸು ಕೈಲಿ ಅವನ ಬೆನ್ನಿಗೆ ಇರಿಸಿದ್ರು. ಎಲ್ಲಾದರ ಹಿಂದೆ ಇದ್ದದ್ದು ಕಾಗುಯಾ ಅಂತೆ! ಹಾಗಾದ್ರೆ ಇಷ್ಟು ದಿನ ನಾವು ಓದಿದ ಅವನ ತಪ್ಪು, ಅವನ ಹಟ ಎಲ್ಲಾ ಎಲ್ಲಿಗೆ ಹೋಯ್ತು?

ಅದೇ 2012ರಲ್ಲಿ ಮುಖವಾಡ ಒಡೆದು ಒಬಿಟೊ ಮುಖ ಕಂಡಿತಲ್ಲ, ಅದು ಬೇರೆ. ಎಷ್ಟೋ ಜನ ಮೊದಲೇ ಊಹಿಸಿದ್ರು. ಆದ್ರೂ ಹೊಟ್ಟೆಯೊಳಗೆ ಕಿವುಚಿದ ಹಾಗಾಯ್ತು. ಸತ್ತ ಅಂತ ಕಾಕಾಶಿ ಅಷ್ಟು ವರ್ಷ ಕೊರಗಿದ ಗೆಳೆಯನೇ ಎದುರಿಗೆ ನಿಂತಿದ್ದ.

ಇದನ್ನ ಯೋಚಿಸ್ತಾ ಹೇಮಕೂಟ ಹತ್ತಿದೆ. ಚಿಕ್ಕವನಿದ್ದಾಗ ಅಜ್ಜ ಅಲ್ಲೇ ಕೂತು ತಾಳಿಕೋಟೆ ಕತೆ ಹೇಳ್ತಿದ್ರು. “ಗೆಲ್ಲೋ ಯುದ್ಧ ಆಗಿತ್ತಪ್ಪ, ಗಿಲಾನಿ ಸೋದರರು ಕೈಕೊಟ್ರು.” ನನಗೆ ಅಳು ಬರ್ತಿತ್ತು, ಜೊತೆಗೆ ಒಂಥರಾ ಸಮಾಧಾನನೂ ಆಗ್ತಿತ್ತು. ನಮ್ಮವರು ಸೋತಿಲ್ಲ, ಮೋಸ ಹೋದ್ರು ಅಂತ.

ಅದು ಬರೀ ಕಟ್ಟುಕತೆ ಅನ್ನೋಕಾಗಲ್ಲ. 1567ರಲ್ಲಿ ವಿಜಯನಗರಕ್ಕೆ ಬಂದ ಸೀಸರ್ ಫ್ರೆಡರಿಕ್, ಇಬ್ಬರು ಮುಸ್ಲಿಂ ದಂಡನಾಯಕರು ತಿರುಗಿಬಿದ್ದರು ಅಂತ ಬರೆದಿದ್ದಾನೆ. ಫೆರಿಷ್ತಾ ಮಾತ್ರ ತೋಪುಗಳ ಕತೆ ಹೇಳ್ತಾನೆ, ತಾಮ್ರದ ಕಾಸು ತುಂಬಿ ಹಾರಿಸಿದ್ರಂತೆ.

ಆದ್ರೆ ಗಿಲಾನಿ ಹೆಸರು ಹೇಳಿ ಮುಗಿಸಿದ್ರೆ ಉಳಿದ ಕತೆ ಏನಾಗ್ಬೇಕು? ಅಳಿಯ ರಾಮರಾಯ ವರ್ಷಗಟ್ಟಲೆ ಒಬ್ಬ ಸುಲ್ತಾನನನ್ನ ಇನ್ನೊಬ್ಬನ ಮೇಲೆ ಎತ್ತಿಕಟ್ಟಿ ಆಟ ಆಡಿದ್ದ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರೋ ಮುಂಚೆ ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲ್ ಷಾ, ರಾಮರಾಯನ ಮಗ ತೀರಿಕೊಂಡಾಗ ಸಾಂತ್ವನ ಹೇಳೋಕೆ ಇಲ್ಲಿಗೇ ಬಂದಿದ್ದ. ರಾಮರಾಯನ ಹೆಂಡತಿ ಅವನನ್ನ ಮಗ ಅಂತ ಕರೆದಳು. ಹೊರಡುವಾಗ ರಾಮರಾಯ ಬೀಳ್ಕೊಡೋಕೆ ಬರಲಿಲ್ಲ ಅಂತ ಅವನು ಮನಸ್ಸಲ್ಲಿ ಇಟ್ಕೊಂಡ ಅಂತ ಫೆರಿಷ್ತಾನೇ ಬರೀತಾನೆ. 1565ರ ಜನವರಿಯಲ್ಲಿ ಈ ಇಬ್ಬರೂ ಎದುರು ಪಾಳೆಯದಲ್ಲಿದ್ರು. ನನಗೆ ಇದೇ ಒಬಿಟೊ ಮುಖ. ಮುಖವಾಡನೂ ಇರಲಿಲ್ಲ.

ಯುದ್ಧ ನಡೆದದ್ದು ದೂರದ ಕೃಷ್ಣಾ ತೀರದಲ್ಲಿ. ಸುದ್ದಿ ಬಂದ ಮೇಲೆ ರಾಮರಾಯನ ತಮ್ಮ ತಿರುಮಲ, ಸದಾಶಿವರಾಯನನ್ನೂ ಭಂಡಾರವನ್ನೂ ಕರ್ಕೊಂಡು ಪೆನುಗೊಂಡೆ ಕಡೆ ಹೊರಟ. ಊರು ಕಾಯೋರಿಲ್ಲದೆ ಉಳೀತು. ಈ ಭಾಗ ಅಜ್ಜ ಯಾವತ್ತೂ ಹೇಳಲಿಲ್ಲ.

ಗಿಲಾನಿ ಕತೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದನ್ನ ಬಿಟ್ಟುಕೊಡೋಕೆ ಈಗಲೂ ಮನಸ್ಸಿಲ್ಲ, ಅದು ಅಜ್ಜನ ದನಿಯಲ್ಲೇ ಕೇಳಿಸುತ್ತೆ. ಆದ್ರೆ ಮುಂದೆ ನನ್ನ ಅಕ್ಕನ ಮಗನಿಗೆ ಹೇಳುವಾಗ, ಮಗ ಅಂತ ಕರೆಸಿಕೊಂಡವನಿಂದ ಶುರು ಮಾಡ್ತೀನಿ.

ನಿಮ್ಮ ಮನೆಯಲ್ಲಿ ಈ ಕತೆ ಹೇಗೆ ಹೇಳ್ತಿದ್ರು? ಬರೀರಿ.