ಹಲ್ಲು ಉಳಿಯುತ್ತದೆ, ದಾಖಲೆ ಎಲ್ಲಿದೆ?

ಮಂಗಳೂರಿನ ಕೂಳೂರಿನಲ್ಲಿ ಹನ್ನೆರಡು ದೇಹಗಳನ್ನು ಹೆಸರು ಗೊತ್ತಾಗದೆಯೇ ಮಣ್ಣು ಮಾಡಲಾಯಿತು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿದಾಗ ಸತ್ತವರು 158 ಮಂದಿ. ಪ್ರಯಾಣಿಕರ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರೂ ಇತ್ತು. ಯಾವ ದೇಹ ಯಾರದೆಂಬುದೇ ತಿಳಿಯದಾಗಿತ್ತು.

ಶವಾಗಾರದ ಮುಂದೆ ಕಂಗಾಲಾಗಿ ನಿಂತ ಬಂಧುಗಳು ಉಂಗುರ, ಬಟ್ಟೆಯ ಚೂರು, ಮೈಕಟ್ಟು ನೋಡಿ ಬಹುಪಾಲು ದೇಹಗಳನ್ನು ಒಯ್ದರು. ಉಳಿದ 22ಕ್ಕೆ ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ನಡೆಯಿತು. ಕಾದಿದ್ದ ಕುಟುಂಬಗಳ ರಕ್ತಕ್ಕೆ ಹೊಂದಿದ್ದು ಹತ್ತು ಮಾತ್ರ. ಅಂದರೆ ಕೆಲವು ದೇಹಗಳು ಅಷ್ಟರಲ್ಲಿ ಬೇರೆಯವರ ಮನೆ ಸೇರಿ, ಅಂತ್ಯಕ್ರಿಯೆಯೂ ಮುಗಿದಿತ್ತು. ಆ ಬಂಧುಗಳನ್ನು ದೂರುವಂತಿಲ್ಲ. ಸುಟ್ಟು ಮುದುಡಿದ ದೇಹವನ್ನು ಹೆತ್ತ ತಾಯಿಯೂ ಗುರುತಿಸಲಾರಳು. ಆ ಹೊಣೆಯನ್ನು ಅವರ ಕಣ್ಣಿಗೆ ಹೊರಿಸಿದ್ದೇ ತಪ್ಪು.

ಚಿತೆಯ ಬೂದಿಯಲ್ಲಿ ಅಸ್ಥಿ ಆಯ್ದವರಿಗೆ ಗೊತ್ತು, ಎಲ್ಲ ಉರಿದುಹೋದರೂ ಹಲ್ಲು ಕೈಗೆ ಸಿಗುತ್ತದೆ. ಹಲ್ಲಿನ ಹೊರಕವಚ ಎನಾಮೆಲ್‌ನಲ್ಲಿ ಶೇ 96ರಷ್ಟು ಖನಿಜವೇ. ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದಿಲ್ಲ. ಬೆಂಕಿ ಮೊದಲು ಮುಂದಿನ ಹಲ್ಲುಗಳನ್ನು ಮುಟ್ಟುತ್ತದೆ. ದವಡೆ ಹಲ್ಲುಗಳಿಗೆ ಕೆನ್ನೆ, ನಾಲಿಗೆಗಳ ಮರೆ ಇರುತ್ತದೆ, ಬೇರುಗಳಿಗೆ ಎಲುಬಿನ ಆಸರೆ. ಕಾವು ಏರಿದಂತೆ ಹಲ್ಲು ಕಂದಾಗಿ, ಕಪ್ಪಾಗಿ, ಬೂದುಬಣ್ಣ ತಿರುಗಿ, ಕೊನೆಗೆ ಸುಣ್ಣದಂತೆ ಬಿಳಿಚುತ್ತದೆ. ಒಳಗಿನ ತೇವ ಆರಿ ಕುಗ್ಗಿದಾಗ ಎನಾಮೆಲ್ ಚಿಪ್ಪಿನಂತೆ ಕಳಚಿ ಬೀಳುವುದೂ ಉಂಟು. ಆಗಲೂ ಬೇರಿನ ಆಕಾರ, ರೂಟ್ ಕೆನಾಲ್ ಮಾಡಿದ ಗುರುತು, ಪಿಂಗಾಣಿಯ ಕ್ಯಾಪ್ ಎಷ್ಟೋ ಸಲ ಉಳಿದಿರುತ್ತವೆ.

1897ರ ಮೇ 4ರಂದು ಪ್ಯಾರಿಸ್ಸಿನ ಬಜಾರ್ ದ ಲಾ ಶಾರಿತೆ ಎಂಬ ದಾನಮೇಳಕ್ಕೆ ಬೆಂಕಿ ಬಿದ್ದು ಸುಮಾರು 126 ಮಂದಿ ಸತ್ತರು. ಅವರಲ್ಲಿ ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಜಬೆತ್‌ಳ ತಂಗಿ, ಆಲೆನ್ಸೋನ್‌ನ ಡಚೆಸ್ ಕೂಡ ಇದ್ದಳು. ದಂತವೈದ್ಯರನ್ನು ಕರೆಸಿ ಎಂದು ಸಲಹೆ ಕೊಟ್ಟವನು ಪರಾಗ್ವೆಯ ಕಾನ್ಸಲ್. ಡಚೆಸ್‌ಗೆ ಚಿಕಿತ್ಸೆ ಕೊಟ್ಟಿದ್ದ ವೈದ್ಯನೇ ಅವಳ ಹಲ್ಲು ನೋಡಿ ಗುರುತು ಹೇಳಿದ. ಕ್ಯೂಬಾ ಮೂಲದ ದಂತವೈದ್ಯ ಆಸ್ಕರ್ ಅಮೊಯೆಡೊ ಈ ಅನುಭವವನ್ನೆಲ್ಲ ಸೇರಿಸಿ ಮರುವರ್ಷವೇ ಪುಸ್ತಕ ಬರೆದ. ಹಲ್ಲಿನಿಂದ ಗುರುತು ಹಿಡಿಯುವ ವಿದ್ಯೆಗೆ ಅಡಿಪಾಯ ಬಿದ್ದದ್ದು ಅಲ್ಲಿ. ಇಂದು ಇಂಟರ್‌ಪೋಲ್ ನಿಯಮದಲ್ಲಿ ಬೆರಳಚ್ಚು, ಡಿಎನ್‌ಎಗಳಿಗಿರುವ ಸ್ಥಾನವೇ ಹಲ್ಲಿಗೂ ಇದೆ. ಕಣ್ಣಂದಾಜನ್ನು ಅದು ನೆಚ್ಚುವುದಿಲ್ಲ.

ಡಿಎನ್‌ಎ ಇರುವಾಗ ಹಲ್ಲೇಕೆ ಎಂದು ಕೇಳುವವರಿದ್ದಾರೆ. ಅಣ್ಣ ತಮ್ಮ ಇಬ್ಬರೂ ಒಂದೇ ಬೆಂಕಿಯಲ್ಲಿ ಹೋದರೆ ಅಪ್ಪ ಅಮ್ಮನ ರಕ್ತದಿಂದ ಯಾರು ಯಾರೆಂದು ಬಿಡಿಸುವುದು ಕಷ್ಟ. ಅಣ್ಣ ಯಾವ ಹಲ್ಲು ತುಂಬಿಸಿಕೊಂಡಿದ್ದ, ತಮ್ಮ ಯಾವುದನ್ನು ಕೀಳಿಸಿದ್ದ ಎಂಬ ಚೀಟಿ ಸಿಕ್ಕರೆ ಗಂಟೆಗಳಲ್ಲೇ ಉತ್ತರ ಸಿಗುತ್ತದೆ.

ನಮ್ಮಲ್ಲಿ ಇಲ್ಲದಿರುವುದು ಆ ಚೀಟಿ. ವಿದ್ಯೆಗೇನೂ ಕೊರತೆಯಿಲ್ಲ: ಮಂಗಳೂರೊಂದರಲ್ಲೇ ಹಲವು ದಂತ ಕಾಲೇಜುಗಳಿವೆ, 2012ರ ದೆಹಲಿ ಅತ್ಯಾಚಾರ ಪ್ರಕರಣದಲ್ಲಿ ಕಚ್ಚಿದ ಗುರುತುಗಳನ್ನು ಪರೀಕ್ಷಿಸಿ ವರದಿ ಕೊಟ್ಟದ್ದು ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ತಜ್ಞರು. ಆದರೆ ಬೀದಿಯ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಂಡು ಬಂದವನ ಬಳಿ ಮಾತ್ರೆಯ ಚೀಟಿಗಿಂತ ಹೆಚ್ಚಿನದು ಇರುವುದು ಅಪರೂಪ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ 2007ರ ಕೆಪಿಎಂಇ ಕಾಯ್ದೆ ಇದೆ. ಪ್ರತಿ ರೋಗಿಯ ಹಲ್ಲಿನ ನಕ್ಷೆ ಮತ್ತು ಎಕ್ಸ್‌-ರೇಗಳನ್ನು ಒಂದೇ ಮಾದರಿಯಲ್ಲಿ ಇಡಬೇಕು, ರೋಗಿಯ ಮೊಬೈಲಿಗೂ ಕಳಿಸಬೇಕು ಎಂಬ ಷರತ್ತನ್ನು ಸರ್ಕಾರ ಅದರಡಿಯಲ್ಲೇ ತರಬಹುದು. ಪ್ರತಿ ಜಿಲ್ಲೆಯ ವಿಪತ್ತು ತಂಡಕ್ಕೂ ತರಬೇತಾದ ಒಬ್ಬ ದಂತವೈದ್ಯ ಬೇಕು. 2013ರಲ್ಲಿ ಬೆಂಗಳೂರಿನಿಂದ ಹೊರಟ ಬಸ್ ಪಾಲೆಂ ಬಳಿ ಉರಿದು 45 ಜನ ಸತ್ತರು. 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಬರುತ್ತಿದ್ದ ಇನ್ನೊಂದು ಬಸ್ ಕರ್ನೂಲಿನ ಬಳಿ ಉರಿಯಿತು. ಇಂಥ ಕಡೆ ಸುಟ್ಟ ಹಲ್ಲು ಬೆರಳು ತಾಗಿದರೂ ಪುಡಿಯಾಗಬಹುದು. ದೇಹವನ್ನು ಎತ್ತುವ ಮೊದಲೇ ಫೋಟೊ ತೆಗೆದು, ಅಂಟುದ್ರಾವಣದಿಂದ ಹಲ್ಲನ್ನು ಗಟ್ಟಿ ಮಾಡಿ, ಹತ್ತಿಯಲ್ಲಿ ತಲೆಯನ್ನು ಸುತ್ತಿ ಸಾಗಿಸಬಲ್ಲ ಒಬ್ಬರು ಅಲ್ಲಿ ಇರಲೇಬೇಕು.