ದೇಶ-ಕಾಲ ಸ್ಮರಣೆ



ಪೂಜೆಗೆ ಕುಳಿತಾಗ ಶಾಸ್ತ್ರಿಗಳು ಸಂಕಲ್ಪ ಹೇಳಿಸುವುದನ್ನು ನೀವೆಲ್ಲ ಬಲ್ಲಿರಿ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ ಹೇಳಿಸುವುದರ ಜೊತೆಗೆ ಕುಳಿತ ನೆಲದ ಹೆಸರನ್ನೂ ಹೇಳಿಸುತ್ತಾರೆ. ಇದು ದೇಶಕಾಲ ಸಂಕೀರ್ತನ. ನೆಲ ಬಿಟ್ಟು ಕಾಲವನ್ನಷ್ಟೇ ಹೇಳಿದರೆ ಸಂಕಲ್ಪ ಪೂರ್ಣವಾಗುವುದಿಲ್ಲ. ಇಂದು ನಮ್ಮ ಮಕ್ಕಳು ಯಾವ ತಾರೀಖಿನಂದು ಯಾವ ದೇಶದಲ್ಲಿ ಯುದ್ಧ ನಡೆಯಿತು, ಯಾವ ದೊರೆ ಪಟ್ಟವೇರಿದ ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಮಾಡಲಿ, ಬೇಡವೆನ್ನೆವು. ಆದರೆ ತಮ್ಮೂರಿನ ಒಂದು ದಿನವೂ ಅವರಿಗೆ ತಿಳಿದಿಲ್ಲವಲ್ಲ ಎಂಬುದು ನಮ್ಮ ವ್ಯಥೆ.

ದುರ್ಗದ ಸೀಮೆಗೆ ದಿನಗಳ ಕೊರತೆಯಿಲ್ಲ. ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿ 1913ರಲ್ಲಿ ಆರಂಭವಾದದ್ದು ದಾವಣಗೆರೆಯಲ್ಲಿ. ಮೃತ್ಯುಂಜಯಪ್ಪಗಳು ಮತ್ತು ಹರ್ಡೇಕರ ಮಂಜಪ್ಪನವರು ಅದರ ಮುಂದಾಳುಗಳು. ಆಗ ದಾವಣಗೆರೆ ನಮ್ಮ ಜಿಲ್ಲೆಯಲ್ಲಿಯೇ ಇತ್ತು. ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಈ ಜಯಂತಿಯನ್ನು ವೈಶಾಖ ಶುದ್ಧ ತದಿಗೆಯ ದಿನ ಮಾಡುತ್ತೇವಾದ್ದರಿಂದ ಇಂಗ್ಲಿಷ್ ತಾರೀಖು ವರ್ಷವರ್ಷವೂ ಬದಲಾಗುತ್ತದೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗಿ, ದುರ್ಗದಲ್ಲಿ ನೆಲೆಸಿದ್ದ ಎಸ್. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಯಾದರು. ಆ ಸಂವತ್ಸರದ ಹೆಸರು ದುರ್ಮುಖಿ. ಹೆಸರು ಕೇಳಿ ಶುಭಕಾರ್ಯ ಮುಂದೂಡುವವರು ಇದನ್ನು ನೆನೆಯಬೇಕು.

ಒನಕೆ ಓಬವ್ವನ ವಿಚಾರ ಬೇರೆ. ಹೈದರಾಲಿಯ ಮುತ್ತಿಗೆಯ ಕಾಲದ ಆ ತಾಯಿಗೆ ಜನ ತಾರೀಖು ಇಡಲಿಲ್ಲ, ಜಾಗ ಇಟ್ಟರು. ಕೋಟೆ 1779ರಲ್ಲಿ ಕೈಬಿಟ್ಟರೂ ಕಿಂಡಿಯ ಹೆಸರು ಅಳಿಯಲಿಲ್ಲ. 2021ರಿಂದ ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿಯೆಂದು ಆಚರಿಸುತ್ತಿದೆ. ಅದು ಒಳ್ಳೆಯದೇ. ಆದರೆ ಪಟಕ್ಕೆ ಹಾರ ಹಾಕಿ ಮುಗಿಸುವ ಬದಲು ಅಂದು ಮಕ್ಕಳನ್ನು ಆ ಕಿಂಡಿಯ ಬಳಿಗೇ ಕರೆದೊಯ್ಯಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು ನಾವು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇವೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. 130 ಅಡಿ, ಸುಮಾರು 30 ಟಿಎಂಸಿ ನೀರು. ಅದು ಮೊದಲು ಕೋಡಿ ಬಿದ್ದದ್ದು 1933ರ ಸೆಪ್ಟೆಂಬರ್‌ನಲ್ಲಿ. ಮತ್ತೆ ಕೋಡಿ ಬೀಳಲು 89 ವರ್ಷ ಬೇಕಾಯಿತು: 2022ರ ಸೆಪ್ಟೆಂಬರ್ ಆರಂಭ, ಹುಬ್ಬಾ ಮಳೆಯ ಕಾಲ. ಆಮೇಲೆ 2025ರ ಜನವರಿಯಲ್ಲಿಯೂ ತುಂಬಿ ಹರಿಯಿತು. 2019ರಿಂದ ಭದ್ರೆಯ ನೀರೂ ಇತ್ತ ಬರುತ್ತಿರುವುದು ಇದಕ್ಕೆ ಒಂದು ಕಾರಣ.

ಬರದಲ್ಲಿ ತೆಂಗು ಅಡಿಕೆ ಒಣಗಿ ಕಣ್ಣೀರಿಟ್ಟಿದ್ದ ಹಿರಿಯೂರಿನ ರೈತರಿಗೆ 2022ರ ಕೋಡಿ ಹಬ್ಬವಾಯಿತು. ಆದರೆ ಅದೇ ದಿನಗಳಲ್ಲಿ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಗ್ರಾಮಗಳಲ್ಲಿ ತೋಟಗಳು ನೀರಿನಲ್ಲಿ ನಿಂತವು, ರಸ್ತೆಗಳು ಮುಳುಗಿದವು. ಕೋಡಿ ತಗ್ಗಿಸಿರೆಂದು ಅವರು ಕೇಳಿದರು. ಒಂದಡಿಯೂ ತಗ್ಗಬಾರದೆಂದು ಕೆಳಗಿನವರು ಪಟ್ಟುಹಿಡಿದರು. ಇಬ್ಬರೂ ಭಕ್ತರೇ, ಇಬ್ಬರೂ ಒಂದೇ ವೇದಾವತಿಯ ಮಕ್ಕಳು. ನಾವು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಒಂದನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತೇವೆ. ಮೂರು ತಲೆಮಾರು ಕಾಣದ ನೀರು ಎಲ್ಲಿಯವರೆಗೆ ಬಂದೀತೆಂದು ಹಿನ್ನೀರಿನ ರೈತನಿಗೆ ಹೇಳುವವರು ಯಾರು? 1933ರ ನೀರು ನಿಂತ ಗೆರೆಯನ್ನು ಪ್ರತಿ ಊರಿನ ಗುಡಿಯ ಕಲ್ಲಿನಲ್ಲಿ ಅಂದೇ ಕೊರೆಸಿದ್ದರೆ, ಮೊಮ್ಮಕ್ಕಳು ಸಸಿ ನೆಡುವ ಮುನ್ನ ಒಮ್ಮೆ ಆ ಗೆರೆಯನ್ನು ನೋಡುತ್ತಿದ್ದರು.

ಹಿರಿಯರು ಮರೆತಿರಲಿಲ್ಲ; ಅವರ ಲೆಕ್ಕ ಸಂವತ್ಸರ ಮತ್ತು ಮಳೆಯ ನಕ್ಷತ್ರದ್ದು. 1933 ಶ್ರೀಮುಖ ಸಂವತ್ಸರ. ಅರವತ್ತು ವರ್ಷಕ್ಕೆ ಚಕ್ರ ತಿರುಗಿ 1993ರಲ್ಲಿ ಮತ್ತೆ ಶ್ರೀಮುಖ ಬಂತು, ಆಗ ಕೋಡಿ ಬೀಳಲಿಲ್ಲ. ಅಜ್ಜ ಶ್ರೀಮುಖವೆಂದರೆ ಮೊಮ್ಮಗನಿಗೆ ಯಾವ ಶ್ರೀಮುಖವೆಂದು ತಿಳಿಯದು. ಮೊಮ್ಮಗ 1933 ಎಂದರೆ ಅಜ್ಜನಿಗೆ ಯಾವ ಮಳೆಯೆಂದು ಹೊಳೆಯದು. ಎರಡನ್ನೂ ಕೂಡಿಸಿ ಬರೆಯದೆ ಗತ್ಯಂತರವಿಲ್ಲ.

ಆದಕಾರಣ 2022ರ ನೀರು ಎಲ್ಲಿಯವರೆಗೆ ನಿಂತಿತ್ತೆಂದು ಕಣ್ಣಾರೆ ಕಂಡವರು ಇರುವಾಗಲೇ ಆ ಗೆರೆಯನ್ನು ಗುರುತಿಸಿ ಕಲ್ಲು ನೆಡಿರಿ. ಕಲ್ಲಿನ ಮೇಲೆ ಊರಿನ ಹೆಸರು, ಶುಭಕೃತ್ ಸಂವತ್ಸರ, ಹುಬ್ಬಾ ಮಳೆ, ಇಂಗ್ಲಿಷ್ ತಾರೀಖು ಇಷ್ಟೂ ಇರಲಿ. ಬಾಗಿನ ಬಿಡುವ ಹಿರಿಯೂರಿನವರು ಮುಂದಿನ ಬಾರಿ ಹಿನ್ನೀರಿನ ಊರುಗಳ ಹಿರಿಯರನ್ನು ವೀಳ್ಯ ಕೊಟ್ಟು ಕರೆಯಲಿ. ಪರಿಹಾರದ ಅರ್ಜಿಗೆ ತಾವೂ ರುಜು ಹಾಕಲಿ. ಹೊಳಲ್ಕೆರೆ ಕಡೆಯ ಭಕ್ತರು ನಮಗೇನು ಸಂಬಂಧವೆನ್ನಬೇಡಿ. ನಿಮ್ಮ ಕೆರೆ ಕಟ್ಟೆಗಳಿಗೂ ಕೋಡಿ ಬಿದ್ದ ವರ್ಷ, ಒಡೆದ ವರ್ಷ, ಬತ್ತಿದ ವರ್ಷಗಳಿವೆ. ಬರುವ ಶ್ರಾವಣದ ಸೋಮವಾರಗಳಂದು ಶ್ರೀಮಠಕ್ಕೆ ಬರುವ ಹಿರಿಯರು ತಮ್ಮ ನೆನಪನ್ನು ಹೇಳಲಿ, ಜೊತೆಗೆ ಬರೆಯಬಲ್ಲ ಒಬ್ಬ ಮೊಮ್ಮಗನನ್ನೋ ಮೊಮ್ಮಗಳನ್ನೋ ಕರೆತರಲಿ. ಪಂಚಾಂಗ ನೋಡಿ ತಾರೀಖು ಹೊಂದಿಸಿಕೊಡುವ ಕೆಲಸ ನಮ್ಮ ಶಾಸ್ತ್ರಿಗಳದು.