ಖಾಲಿ ಕಾಲಂಗೆ ಏನರ್ಥ?

ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅರಳಿ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಯಾರೋ ಒಬ್ಬರು ಪ್ರತಿ ಮರದ ಗೂಡುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದಿಟ್ಟರು ಎನ್ನೋಣ. ಒಂದು ಮರದ ಮುಂದೆ ‘0’ ಇದ್ದರೆ ಅಲ್ಲಿ ಗೂಡಿಲ್ಲ ಎಂದರ್ಥ. ಏನನ್ನೂ ಬರೆಯದೆ ಬಿಟ್ಟಿದ್ದರೆ ಆ ಮರವನ್ನು ಎಣಿಸಿಲ್ಲ ಎಂದರ್ಥ. ಇವೆರಡೂ ಒಂದೇ ಅಲ್ಲ.

ಗೂಡಿನ ಲೆಕ್ಕ ತಪ್ಪಿದರೆ ದೊಡ್ಡ ನಷ್ಟವೇನಿಲ್ಲ. ಆದರೆ ಪಹಣಿಯ ವಿಷಯ ಹಾಗಲ್ಲ. ಅದರ 11ನೇ ಕಾಲಂನಲ್ಲಿ ಜಮೀನಿನ ಮೇಲಿನ ಇತರ ಹಕ್ಕು ಮತ್ತು ಋಣಗಳ ವಿವರ ಇರುತ್ತದೆ. ಅದು ಖಾಲಿ ಇದ್ದರೆ ಸಾಲವಿಲ್ಲವೆಂದೋ, ಇನ್ನೂ ನಮೂದಿಸಿಲ್ಲವೆಂದೋ? ಜಮೀನು ಕೊಳ್ಳುವವರಿಗೂ ಸಾಲ ಕೊಡುವ ಬ್ಯಾಂಕಿಗೂ ಇದು ಮುಖ್ಯವಾದ ಪ್ರಶ್ನೆ.

‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅದನ್ನು ಮೊದಮೊದಲು ಕಂಡ ತಾಲ್ಲೂಕುಗಳಲ್ಲಿ ನಮ್ಮ ಮದ್ದೂರೂ ಒಂದು. ನೋಂದಣಿ ಇಲಾಖೆಯ ‘ಕಾವೇರಿ’ ಬೇರೆಯೇ ತಂತ್ರಾಂಶ. ಆದರೂ ಒಂದರ ಮಾಹಿತಿ ಇನ್ನೊಂದಕ್ಕೆ ತಲುಪಬೇಕು, ಅರ್ಥ ಕೆಡದಂತೆ ತಲುಪಬೇಕು.

ಇಂಥ ಮಾಹಿತಿಯನ್ನು ಜೋಡಿಸಿಡುವ ವ್ಯವಸ್ಥೆಯೇ ಡೇಟಾಬೇಸ್. ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಹೀಗೆ ಹಲವು ಇವೆ. ಎಲ್ಲಕ್ಕೂ ಎಸ್‌ಕ್ಯೂಎಲ್ ಎಂಬ ಒಂದೇ ಭಾಷೆ. 1970ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ ಈ ಭಾಷೆಗೆ 1986ರಲ್ಲಿ ಅಮೆರಿಕದ, 1987ರಲ್ಲಿ ಅಂತರರಾಷ್ಟ್ರೀಯ ಮಾನಕ ಬಂತು. ಆದರೂ ಮಂಡ್ಯದ ಕನ್ನಡ, ಧಾರವಾಡದ ಕನ್ನಡ ಎಂಬಂತೆ ಇದರಲ್ಲೂ ಸೀಮೆಗೊಂದು ರೂಢಿ. ಮೊದಲ ಹತ್ತು ಸಾಲು ಬೇಕೆಂದರೆ ಎಸ್‌ಕ್ಯೂಎಲ್ ಸರ್ವರ್‌ಗೆ ‘ಟಾಪ್’ ಎನ್ನಬೇಕು, ಮೈಎಸ್‌ಕ್ಯೂಎಲ್‌ಗೆ ‘ಲಿಮಿಟ್’ ಎನ್ನಬೇಕು. ಒಂದರ ಮಾತನ್ನು ಇನ್ನೊಂದಕ್ಕೆ ಹೇಳಿದರೆ ಅದು ಕೂಡಲೇ ‘ತಪ್ಪು’ ಎನ್ನುತ್ತದೆ. ಇದನ್ನು ತಿದ್ದುವುದು ಸುಲಭ.

ಸದ್ದಿಲ್ಲದೆ ಆಗುವ ತಪ್ಪೇ ಅಪಾಯ. ಎರಡು ಪದಗಳನ್ನು ಕೂಡಿಸಲು ಮಾನಕದ ಪ್ರಕಾರ ಎರಡು ನಿಲುಗೆರೆ ಹಾಕಬೇಕು. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಅದನ್ನು ‘ಅಥವಾ’ ಎಂದು ತಿಳಿಯುತ್ತದೆ. ರೈತನ ಹೆಸರಿಗೆ ತಂದೆಯ ಹೆಸರು ಸೇರಿಸಲು ಹೋದರೆ 0 ಬರುತ್ತದೆ! ಇನ್ನು ಒರಾಕಲ್, ಅಕ್ಷರವೇ ಇಲ್ಲದ ಖಾಲಿ ಪಠ್ಯವನ್ನೂ ‘ನಲ್’ ಅಂದರೆ ‘ಗೊತ್ತಿಲ್ಲ’ ಎಂಬುದನ್ನೂ ಒಂದೇ ಎಂದು ಎಣಿಸುತ್ತದೆ. ಉಳಿದ ಮೂರರಲ್ಲಿ ಇವು ಬೇರೆ ಬೇರೆ. ಅಲ್ಲಿ ‘ಋಣವಿಲ್ಲ’ ಎನ್ನಲು ಖಾಲಿ ಪಠ್ಯವನ್ನು ಬಳಸಿದ್ದ ತಂತ್ರಾಂಶವನ್ನು ಒರಾಕಲ್‌ಗೆ ಸಾಗಿಸಿದರೆ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಎಚ್ಚರಿಕೆಯ ಗಂಟೆ ಮಾತ್ರ ಬಾರಿಸುವುದಿಲ್ಲ.

1992ರ ಒಡಿಬಿಸಿ, 1997ರ ಜೆಡಿಬಿಸಿಗಳಿಂದ ಬೇರೆ ಬೇರೆ ಡೇಟಾಬೇಸ್‌ಗಳನ್ನು ಒಂದೇ ಬಗೆಯಲ್ಲಿ ಸಂಪರ್ಕಿಸಬಹುದು. ಆದರೆ ಅವು ದಾರಿ ಮಾಡಿಕೊಡುತ್ತವೆಯೇ ಹೊರತು ಎಲ್ಲ ರೂಢಿಗಳನ್ನೂ ಅನುವಾದಿಸಿಕೊಡುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ತಂತ್ರಾಂಶ ಬರೆಯುವವರು ಆದಷ್ಟೂ ಮಾನಕ ಭಾಷೆಯನ್ನೇ ಬಳಸಬೇಕು. ಬೇರೆಯಾಗಲೇಬೇಕಾದ ಆಜ್ಞೆಗಳನ್ನು ಎಲ್ಲೆಡೆ ಚೆಲ್ಲದೆ ಒಂದೇ ಕಡೆ ಇಡಬೇಕು. ಒಂದೇ ಮಾದರಿ ಪಹಣಿಗಳನ್ನು ಪ್ರತಿ ಡೇಟಾಬೇಸ್‌ಗೂ ಕೊಟ್ಟು ಉತ್ತರಗಳನ್ನು ತಾಳೆ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ಇಲ್ಲ’ ಎನ್ನಲು ಖಾಲಿ ಬಿಡಬಾರದು. ‘ಇಲ್ಲ’ ಎಂದೇ ಬರೆಯಬೇಕು. ಯಂತ್ರಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ. ಪಹಣಿ ಮೊಮ್ಮಕ್ಕಳ ಕಾಲಕ್ಕೂ ಬೇಕು.